ಸದ್ದಿಲ್ಲದ ಫ್ಯಾನು ಬಂದ ದಿನ

ಕೊಯಮತ್ತೂರಿನಿಂದ ಬಂದಿದ್ದ ಕಂಪ್ಯೂಟರಿನ ಹೊಸ ಫ್ಯಾನುಗಳನ್ನು ಭೋಜನ್ ಮುಂದಿಟ್ಟೆ. ಆತ ಡಬ್ಬ ಬಿಚ್ಚಲಿಲ್ಲ. "ಅವ್ವೆ ಹೋಗ್ಬಿಟ್ಟಳು ಅಣ್ಣಾ" ಎಂದ.

ಊಟಿಯಲ್ಲಿ ನಾನು ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಕಾಲವದು. ಭೋಜನ್ ಪಕ್ಕದ ಬಡಗರ ಹಟ್ಟಿಯವನು, ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದ. ಕಾದು ಕೆಂಡವಾಗುವ ಕಂಪ್ಯೂಟರನ್ನು ನೀರು ಹರಿಸಿ ತಣಿಸುವ ಏರ್ಪಾಡು ಮಾಡಿಕೊಂಡಿದ್ದ. ಬಿಸಿಯಾದ ಆ ನೀರನ್ನು ಆರಿಸುವ ರೇಡಿಯೇಟರಿನ ಫ್ಯಾನುಗಳದು ಮಾತ್ರ ವಿಪರೀತ ಸದ್ದು. ಅವನ ತಾಯಿಗೆ ಹಟ್ಟಿಯಲ್ಲಿ ಬೇರೆ ಯಾರಿಗೂ ಬಾರದ ಒಂದು ಉದ್ದನೆಯ ಕಥೆಹಾಡು ಬರುತ್ತಿತ್ತು. ಅದನ್ನು ಆ ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಲು ಕೂತರೆ, ಹಾಡಿನ ಜೊತೆ ಫ್ಯಾನಿನ ಮೊರೆತವೂ ಸೇರಿಕೊಂಡಿತು. "ಒಳ್ಳೇ ಫ್ಯಾನು ಬರ್ಲಿ ಅವ್ವೆ, ಆಮೇಲೆ ಪೂರ್ತಿ ಹಾಡುವೆಯಂತೆ" ಎಂದು ನಾಲ್ಕೇ ಸಾಲಿಗೆ ನಿಲ್ಲಿಸಿದ್ದನಂತೆ. ನಿಧಾನವಾಗಿ ತಿರುಗಿದರೂ ರೇಡಿಯೇಟರಿನ ಸಂದುಸಂದಿಗೆ ಗಾಳಿ ನುಗ್ಗಿಸುವ ಅಗಲ ರೆಕ್ಕೆಯವೇ ಬೇಕೆಂದು ಇಬ್ಬರೂ ಹುಡುಕಿ, ಇವನ್ನು ತರಿಸಿದ್ದೆವು.

ಆ ನಾಲ್ಕು ಸಾಲಿನಿಂದ ಫ್ಯಾನಿನ ಸದ್ದು ತೆಗೆದುಕೊಡುತ್ತೇನೆ ಎಂದೆ.

"ನಾನೂ ತೆಗೆದು ನೋಡಿದೆ ಅಣ್ಣಾ. ಅದರ ಜೊತೆ ಅವ್ವೆ ಉಸಿರು ಎಳ್ಕೊಳ್ಳೋ ಸದ್ದೂ ಹೋಗ್ತದೆ. ಬೇಡ, ಹಾಗೇ ಇರ್ಲಿ."

ಭೋಜನ್ ಒಯ್ಯದೆ ಬಿಟ್ಟ ಆ ಫ್ಯಾನುಗಳನ್ನು ಬೇರೆಯವರಿಗೆ ಮಾರಲು ಮನಸ್ಸಾಗದೆ ನನ್ನ ಕಂಪ್ಯೂಟರಿಗೇ ಹಾಕಿಕೊಂಡೆ. ನಿಜಕ್ಕೂ ಒಂದಿಷ್ಟೂ ಸದ್ದಿಲ್ಲ. ಅದರ ಮುಂದೆ ಕೂತಾಗಲೆಲ್ಲ, ಆ ಹಾಡಿನ ಐದನೇ ಸಾಲು ಏನಿತ್ತೋ ಅನ್ನಿಸುತ್ತದೆ.