ಡಬ್ಬಿಯ ಬೀಗಕ್ಕೆ ಬಿಸಿನೀರು

ಆಗಿನ್ನೂ ಮಿರಜದ ಪಕ್ಕದ ನಮ್ಮೂರು ಆರಗದ ಓಣಿಗೆಲ್ಲ ಒಂದೇ ಮೋಟಾರ್‌ಸೈಕಲ್ಲು, ಅದು ನಮ್ಮಪ್ಪನದು. ಸಾಂಗಲಿ, ಮಿರಜ, ಕುಪವಾಡ ಮೂರನ್ನೂ ಸೇರಿಸಿ ಒಂದೇ ಮಹಾನಗರಪಾಲಿಕೆ ಮಾಡುವ ಗಡಿಬಿಡಿಯ ಕಾಲ. ಮಿರಜದಲ್ಲಿ ನಲ್ಲಿನೀರು ಬಿಡುವ ಕೆಲಸದ ಅಪ್ಪ ಇನ್ನೂ ಕಾಯಂ ಆಗಿರಲಿಲ್ಲ. ಕೆಲಸದ ಮೂಲ ಕಾಗದಗಳನ್ನು ಆ ದಿನ ಹನ್ನೊಂದು ಗಂಟೆಯೊಳಗೆ ಸಾಂಗಲಿಯ ಕಚೇರಿಯಲ್ಲಿ ತೋರಿಸಿದರೆ ಹೊಸ ಪಟ್ಟಿಯಲ್ಲಿ ಹೆಸರು, ಇಲ್ಲದಿದ್ದರೆ ಕೆಲಸ ಹೋದಂತೆಯೇ. ಮರೆತುಬಿಟ್ಟೇನೆಂದು ಅಪ್ಪ ಹಿಂದಿನ ದಿನವೇ ಅವನ್ನು ಗಾಡಿಯ ಪಕ್ಕದ ಡಬ್ಬಿಯಲ್ಲಿಟ್ಟು ಬೀಗ ಹಾಕಿದ್ದ.

ಬೆಳಿಗ್ಗೆ ನೋಡಿದರೆ ಕೀಲಿಕೈ ಒಳಗೇ ಹೋಗಲೊಲ್ಲದು.

ಪಕ್ಕದ ಮನೆಯ ಮಾರುತಿ ಕಾಕಾ ಎಣ್ಣೆ ಬಿಟ್ಟ, ಸೀಮೆಎಣ್ಣೆ ಬಿಟ್ಟ, ಕೊನೆಗೆ ಸುತ್ತಿಗೆ ತಂದ.

"ತುಕ್ಕ ಹಿಡದೈತಿ. ಸರೀರಿ, ಎರಡ ಏಟ ಹಾಕ್ತೇನಿ."

ಕುಪವಾಡದ ವರ್ಕ್‌ಶಾಪಿನಲ್ಲಿ ದಪ್ಪ ತಗಡಿನಿಂದ ಮಾಡಿಸಿದ ಡಬ್ಬಿ ಅದು. ತಗ್ಗು ಬಿತ್ತೇ ಹೊರತು ತೆರೆಯಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ಮತ್ತೆ ಮತ್ತೆ ಕೈಗಡಿಯಾರ ನೋಡಿಕೊಂಡ.

ಗುಟ್ಟು ನನ್ನ ಹತ್ತಿರವಿತ್ತು. ನಮ್ಮದು ಕುರಿ ಸಾಕಿ ಕಂಬಳಿ ನೇಯುವ ಮನೆ. ಉಣ್ಣೆಯ ನೂಲು ಬಿಗಿಯಾಗಲೆಂದು ಅಜ್ಜಿ ಹುಣಸೆ ಬೀಜದ ಗಂಜಿ ಕುದಿಸುತ್ತಿದ್ದಳು. ಹಿಂದಿನ ಸಂಜೆ ಆ ಗಂಜಿಯ ತಂಬಿಗೆಯನ್ನು ಮಗ್ಗದ ಹತ್ತಿರ ಒಯ್ಯಲು ನನಗೆ ಕೊಟ್ಟಿದ್ದಳು. ನಾನೋ ಒಂಟಿ ಕಾಲಲ್ಲಿ ಕುಂಟುವ ಕುಂಟಾಪಿಲ್ಲಿ ಆಟದ ಹುಚ್ಚಿ. ಅದನ್ನು ಡಬ್ಬಿಯ ಮೇಲಿಟ್ಟು ಆಟಕ್ಕಿಳಿದೆ. ಗಾಡಿಗೆ ಕಾಲು ತಾಗಿ ಗಂಜಿ ಚೆಲ್ಲಿತು. ಲಂಗದ ಅಂಚಿನಿಂದ ಒರೆಸಿ ಸುಮ್ಮನಾದೆ. ಬೀಗದ ತೂತಿನೊಳಗೆ ಇಳಿದದ್ದು ಕಾಣಲಿಲ್ಲ; ರಾತ್ರಿಯಿಡೀ ಒಣಗಿ ಅದು ಅಂಟಿನಂತೆ ಗಟ್ಟಿಯಾಗಿತ್ತು.

ಕಾಕಾ ಮತ್ತೆ ಎಣ್ಣೆಯ ಬಾಟಲಿ ಎತ್ತಿದಾಗ ತಡೆಯಲಾಗಲಿಲ್ಲ. ಅಳುತ್ತಾ ಅಜ್ಜಿಯ ಸೆರಗು ಹಿಡಿದೆ.

"ಅಜ್ಜೀ, ನಾ ಅಲ್ಲಿ ಗಂಜಿ ಚೆಲ್ಲೇನಿ."

ಅಪ್ಪ ತಲೆ ಎತ್ತಿದ. ಪೆಟ್ಟು ಬಿತ್ತೆಂದೇ ಕಣ್ಣು ಮುಚ್ಚಿದೆ. ಬಿಟ್ಟಾಗ ಅಜ್ಜಿ ಆಗಲೇ ಒಲೆಯ ಮುಂದಿದ್ದಳು.

"ಗಂಜಿ ಎಣ್ಣಿಗೆ ಬಿಡತೈತೇನ್ರೋ ಶಾಣ್ಯಾಗೋಳ್ರಾ? ತಡೀರಿ, ಬಿಸಿನೀರ ತರ್ತೇನಿ."

ಕೆಟಲಿಯ ಮೂತಿಯಿಂದ ನೀರು ಸಣ್ಣಗೆ ಇಳಿಯಿತು. ಹುಣಸೆ ಬೀಜ, ಸೀಮೆಎಣ್ಣೆ ಎರಡೂ ಬೆರೆತ ವಾಸನೆ ಎದ್ದಿತು. ಮೂರನೆಯ ಕೆಟಲಿಗೆ ಕೀಲಿಕೈ ಒಳಗೆ ಹೋಗಿ ಕಟಕ್ಕೆಂದು ತಿರುಗಿತು. ಪ್ಲಾಸ್ಟಿಕ್ ಚೀಲದೊಳಗಿದ್ದ ಕಾಗದಗಳಿಗೆ ಏನೂ ಆಗಿರಲಿಲ್ಲ. ಅಪ್ಪ ಗಾಡಿಗೆ ಕಿಕ್ ಹೊಡೆಯುತ್ತಾ, "ಮೊದಲ ಹೇಳೂದಲ್ಲೇನ ಬಾಳಾ, ನನ್ನ ಕೂಸ?" ಎಂದ. ಅಷ್ಟೇ.

ಸಂಜೆ ಸಾಂಗಲಿಯ ಖಾರದ ಭಡಂಗದ ಪೊಟ್ಟಣ ಹಿಡಿದು ಬಂದ. ಪಟ್ಟಿಯಲ್ಲಿ ಹೆಸರು ಬಂದಿತ್ತು. ಮೊದಲ ಮುಷ್ಟಿ ಚುರುಮುರಿ ನನಗೇ ಕೊಟ್ಟ.

ಈಗ ಅಜ್ಜಿಯಿಲ್ಲ, ಮಗ್ಗವಿಲ್ಲ. ಗಂಜಿಯ ಆ ವಾಸನೆ ಇನ್ನೊಮ್ಮೆ ಸಿಕ್ಕೀತೆಂದು ಆಸೆಪಟ್ಟು ಸೋತಿದ್ದೇನೆ. ತಗ್ಗು ಬಿದ್ದ ಡಬ್ಬಿ ಮಾತ್ರ ಮಿರಜದ ನನ್ನ ಮನೆಯಲ್ಲಿದೆ. ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ನಾಲಿಗೆಗೆ ಬರುವುದು ಮರಾಠಿ. ಮೊನ್ನೆ ಅವಳು ಓಡಿಬಂದು, ತನ್ನ ಕೈಯಿಂದ ಏನೋ ಚೆಲ್ಲಿತೆಂದು ಮರಾಠಿಯಲ್ಲೇ ಅಳತೊಡಗಿದಳು. ಏನು, ಎಲ್ಲಿ ಎಂದು ಕೇಳುವ ಮೊದಲೇ ನಾನು ನೀರು ಕಾಯಲು ಇಟ್ಟಿದ್ದೆ.