ಧಣಿಯ ಗೆರೆಗಾಜು
ಸಯನ್ನಿನ ಹೋಟೆಲ್ ಧಣಿಯೊಬ್ಬರ ಕ್ಯಾಬಿನ್‌ಗೆ ಗೆರೆಗೆರೆಯ ಗಾಜು ಕೂರಿಸಿದವನು ನಾನೇ. "ನಾನು ಒಳಗಿರುವುದು ಕೆಲಸದವರಿಗೆ ಕಾಣ್ಬೇಕು, ಏನು ಮಾಡ್ತೇನೆ ಅಂತ ಕಾಣ್ಬಾರ್ದು" ಎಂಬುದೊಂದೇ ಅವರ ಷರತ್ತು. ಆ ಗಾಜಿನ ಹಿಂದೆ ಎಂಥ ಮನುಷ್ಯನೂ ಬರೀ ಬಣ್ಣದ ಮಸುಕು.

ಮೊನ್ನೆ ಚಹಾ ಕುಡಿಯಲು ಹೋದವನು ಒಳಗೆ ಕಂಡ ಬಿಳಿ ಅಂಗಿಗೆ ಹೊರಗಿನಿಂದಲೇ ಕೈಮುಗಿದೆ. ಧಣಿ ಅಲುಗಲಿಲ್ಲ. ಮುನಿಸಿರಬೇಕೆಂದು ಇನ್ನೊಮ್ಮೆ, ಸ್ವಲ್ಪ ಬಗ್ಗಿಯೇ ಮುಗಿದೆ.

ಹಳೆಯ ವೇಟರ್ ಹತ್ತಿರ ಬಂದ. "ಅದು ಧಣಿ ಕುರ್ಚಿಗೆ ಹಾಕಿಟ್ಟು ಹೋದ ಅಂಗಿ ಮಾರಾಯ್ರೆ. ಧಣಿ ಊರಿಗೆ ಹೋಗಿ ವಾರ ಆಯ್ತು."

"ನಿಮಗೆಲ್ಲ ಗೊತ್ತಾ?"

"ಮೊದಲ ದಿನವೇ ಗೊತ್ತಾಯ್ತು. ಧಣಿಗೆ ಹೇಳ್ಬೇಡಿ. ಅಂಗಿ ಬೈಯುದಿಲ್ಲ ಅಲ್ವಾ?"

ಸಂಜೆ ಊರಿಂದ ಧಣಿಯ ಫೋನ್ ಬಂತು. ಗಾಜು ಹಾಕಿದ ಮೇಲೆ ಕೆಲಸದವರಿಗೆ ಭಯ ಬಂದಿದೆಯಂತೆ, ಭಾಂಡುಪ್‌ನ ಹೋಟೆಲಿಗೂ ಅದೇ ಬೇಕಂತೆ.

ಹಾಕೋಣ ಎಂದೆ. ಅಂಗಿಯ ಮಾತು ನಾನೂ ಎತ್ತಲಿಲ್ಲ.