ಚಪ್ಪಲಿ ಬಿಟ್ಟು ಬನ್ನಿ

ನನಗೆ ವೈರಿಂಗ್ ಕಲಿಸಿದ ಗುರುಗಳ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಸಣ್ಣ ಪ್ರಾಯದಲ್ಲಿ ಯಾರದೋ ಮಾತು ಕೇಳಿ ಫ್ಯೂಸಿಗೆ ಬೇಲಿ ತಂತಿ ಸುತ್ತಲು ಹೋಗಿ ಸುಟ್ಟುಕೊಂಡದ್ದು. ಆಲ್ದೂರಿನ ಸುತ್ತ ಯಾರ ಮನೆಗೆ ಹೋದರೂ ಮೊದಲು ಫ್ಯೂಸ್ ಎಳೆದು ನೋಡುವರು. ದಪ್ಪ ತಂತಿ ಕಂಡರೆ ಕೊಟ್ಟ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. "ಸುಡೋದಾದ್ರೆ ಫ್ಯೂಸು ಸುಡಲಿ ಮಾರಾಯ್ತಿ, ಮನೆ ಯಾಕೆ ಸುಡಬೇಕು?" ಎಂದು ಮನೆಯಾಕೆಗೆ ಬೈದೇ ಬರುವರು.

ನಾನು ಪಿಯುಸಿ ಫೇಲಾಗಿ ಅಮ್ಮನ ಜೊತೆ ತೋಟದ ಪಲ್ಪರ್ ಮನೆಯಲ್ಲಿ ಕಾಫಿ ಹಣ್ಣು ಸುರಿಯುತ್ತಿದ್ದ ಕಾಲ. ಒಂದು ಮಧ್ಯಾಹ್ನ, ಹಣ್ಣಿನ ಸಿಪ್ಪೆ ಬಿಡಿಸುವ ಆ ಪಲ್ಪರ್ ಯಂತ್ರ ಶುರು ಮಾಡಿದಾಗಲೆಲ್ಲ ಇಎಲ್‌ಸಿಬಿ ಬೀಳತೊಡಗಿತು. ಕರೆಂಟು ಎಲ್ಲಾದರೂ ಸೋರಿದರೆ ತಾನೇ ಆರಿಸುವ ಸ್ವಿಚ್ಚು ಅದು. ಹಟ ಹಿಡಿದು ಹಾಕಿಸಿದವರು ಗುರುಗಳೇ. ಕೊಯ್ದ ಹಣ್ಣು ಅಂದೇ ಪಲ್ಪ್ ಆಗದಿದ್ದರೆ ಹುಳಿ ಬರುತ್ತದೆ. ಗುರುಗಳನ್ನು ಕರೆಸಿದರು. ತೋಟದ ಲೆಕ್ಕ ನೋಡುವ ರೈಟರ್ ಓಡಿಬಂದರು.

"ಅದನ್ನ ತಪ್ಪಿಸಿ ಡೈರೆಕ್ಟ್ ಕೊಡಿ ಮಾರಾಯ್ರೆ. ಒಂದು ದಿನಕ್ಕೆ ಎಂತ ಆಗ್ತದೆ?"

ಗುರುಗಳು ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತರು.

"ಕೊಡ್ತೀನಿ. ಮೊದಲು ನೀವು ಚಪ್ಪಲಿ ಬಿಟ್ಟು ಈ ಒದ್ದೆ ನೆಲದಲ್ಲಿ ನಿಂತು ಮೋಟರ್ ಮೇಲೆ ಕೈ ಇಡಿ. ಈ ಹೆಂಗಸರು ದಿನಾ ಹಾಗೇ ನಿಲ್ಲೋದಲ್ವಾ?"

ರೈಟರ್ ಚಪ್ಪಲಿ ಬಿಡಲಿಲ್ಲ. ಮೋಟರ್ ಬಿಚ್ಚಿದರೆ ಇಲಿ ಕಡಿದ ವಯರು ಕಬ್ಬಿಣಕ್ಕೆ ತಾಗಿಕೊಂಡಿತ್ತು. ಅದನ್ನು ಮೊದಲು ಮುಟ್ಟುತ್ತಿದ್ದವಳು ನನ್ನಮ್ಮ. ಸರಿಮಾಡುವಷ್ಟರಲ್ಲಿ ಹಣ್ಣು ಹಾಳಾಯಿತು, ಮರುದಿನದಿಂದ ಗುರುಗಳಿಗೆ ಆ ತೋಟದ ಗೇಟು ಮುಚ್ಚಿತು. ನಾನು ಹೋಗಿ ಅತ್ತರೆ ರೇಗಿದರು: "ನಂಗೆ ಬೇರೆ ತೋಟ ಸಿಗ್ತದೆ. ನಿಂಗೆ ಬೇರೆ ಅಮ್ಮ ಸಿಗ್ತಾಳಾ?"

ನಾನು ವೈರಿಂಗ್ ಕಲಿಯಲು ಐಟಿಐ ಸೇರಿದಾಗ, ಹೆಣ್ಣಿಗೆ ಯಾಕಿದು ಎಂದು ಊರೆಲ್ಲ ನಕ್ಕಿತು. ಗುರುಗಳು ತಮ್ಮ ಟೆಸ್ಟರ್ ಕೈಗಿಟ್ಟು ಜೊತೆಗೇ ಕರೆದುಕೊಂಡು ತಿರುಗಿದರು. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅಮ್ಮನೂ ಪಲ್ಪರ್ ಮನೆಯ ಹೆಂಗಸರೂ ಕೆಲಸ ಬಿಟ್ಟು ಮಣ್ಣಿಗೆ ಬಂದರು. ತೋಟದ ಆಫೀಸಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಈ ಕೊಯ್ಲಿನಲ್ಲಿ ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಹೀಗೇ ಸ್ವಿಚ್ಚು ಬೀಳುತ್ತಿದ್ದಾಗ ಸಾಹುಕಾರರು ನನಗೂ ಅದನ್ನೇ ಹೇಳಿದರು: "ಇವತ್ತೊಂದು ದಿನ ಡೈರೆಕ್ಟ್ ಕೊಟ್ಬಿಡಮ್ಮ."

ಮೂರೂ ಫ್ಯೂಸ್ ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಮೆಟ್ಟಿಲ ಮೇಲೆ ಕೂತೆ.

"ಕೊಡ್ತೀನಿ ಸಾರ್," ಎಂದೆ. "ಚಪ್ಪಲಿ ಬಿಟ್ಟು ಬನ್ನಿ."